ಎಲೀಯನೂ ಅದೇ ಮಾತನ್ನು ಎರಡು ಸಲ ಹೇಳಿದ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬ ಹುಡುಗಿಯ ಈ ಪ್ರಕರಣವನ್ನು ತಾಯಿ ಮತ್ತು ಮಗಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಗೆ ಇಲ್ಲಿ ಹೆಸರಿಲ್ಲ.

ಒಂಬತ್ತನೇ ತರಗತಿ. ತಂದೆಗೆ ವರ್ಗವಾಗಿ ಇಡೀ ಮನೆ ಬೇರೆ ಊರಿಗೆ ಬಂದಿತ್ತು. ಹಳೆ ಶಾಲೆಯಲ್ಲಿ ಎಂಟು ವರ್ಷ ಓದಿದ ಹುಡುಗಿ. ಹೊಸ ಶಾಲೆಗೆ ಸೇರಿ ಎರಡೂವರೆ ತಿಂಗಳಾಗಿತ್ತು. ಭಾನುವಾರ ಸಂಜೆಯಾದರೆ ತಲೆನೋವು, ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರ್ ನೋಡಿ ದೇಹದಲ್ಲಿ ಏನೂ ತೊಂದರೆ ಇಲ್ಲ ಎಂದಿದ್ದರು. ಅಂಕಗಳು ಇಳಿದಿದ್ದವು. ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಒಬ್ಬಳೇ ಕೂರುತ್ತಾಳೆ ಎಂದು ಕ್ಲಾಸ್ ಟೀಚರ್ ತಾಯಿಗೆ ಹೇಳಿದ್ದರು.

ಮೊದಲ ದಿನ ತಾಯಿಯೇ ಜಾಸ್ತಿ ಮಾತಾಡಿದರು. "ಮೇಡಂ, ದಿನಾ ಅದೇ ಮಾತು. ಅಲ್ಲಿ ಹೀಗಿರಲಿಲ್ಲ, ಅಲ್ಲಿ ಹಾಗಿರಲಿಲ್ಲ. ನಾವು ಪ್ರಾರ್ಥನೆ ಮಾಡುವ ಮನೆಯವರು. ಬೈಬಲ್ ವಾಕ್ಯ ಗೊತ್ತಿರುವ ಹುಡುಗಿ. ಆದರೂ ಇವಳಿಗೆ ಯಾಕೆ ನಂಬಿಕೆ ಬರುತ್ತಿಲ್ಲ?"

ಹುಡುಗಿ ತಲೆ ತಗ್ಗಿಸಿದಳು. ಆ ಪ್ರಶ್ನೆಯ ಭಾರ ಅವಳ ಭುಜದ ಮೇಲೆ ಕಾಣಿಸುತ್ತಿತ್ತು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಇಬ್ಬರೇ ಆದ ಮೇಲೆ ಅವಳು ಬ್ಯಾಗಿನಿಂದ ಒಂದು ಕಾರ್ಡ್ ತೆಗೆದಳು. ಹಳೆ ಊರಿನ ಸಭೆಯ, ಅಂದರೆ ಚರ್ಚಿನ, ಸಂಡೇ ಸ್ಕೂಲಿನವರು ಬೀಳ್ಕೊಡುವಾಗ ಕೊಟ್ಟದ್ದು. ಬೈಬಲಿನ ಯೆರೆಮೀಯ 29:11. ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಚನೆ ನನ್ನದು ಎಂದು ದೇವರು ಹೇಳುವ ವಾಕ್ಯ. "ಇದನ್ನ ದಿನಾ ಓದ್ತೀನಿ ಆಂಟಿ. ಓದಿದ ಮೇಲೂ ಅಳು ಬರುತ್ತೆ. ಹಾಗಾದ್ರೆ ನಾನು ದೇವರನ್ನ ನಂಬ್ತಿಲ್ಲ ಅಂತಾನೇ ಅಲ್ವಾ?"

ನನಗೆ ಹೊಸ ಶಾಲೆಗಿಂತ ಈ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಶಾಲೆ ಬದಲಾದ ನೋವು ಒಂದು ಕಡೆ. ನೋವು ಆಗುತ್ತಿದೆಯಲ್ಲಾ ಎಂಬ ತಪ್ಪಿತಸ್ಥ ಭಾವನೆ ಇನ್ನೊಂದು ಕಡೆ. ಎರಡನೆಯದನ್ನು ಅವಳ ಮೇಲೆ ಹೊರಿಸಿದವರು ಪ್ರೀತಿಸುವವರೇ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಆ ಅಧ್ಯಾಯವನ್ನು ಮೊದಲಿಂದ ಓದೋಣ ಎಂದೆ. ಅದು ಪ್ರವಾದಿ ಯೆರೆಮೀಯ ಬರೆದ ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದ ಜನರಿಗೆ ಬರೆದದ್ದು. ಊರು, ಮನೆ, ದೇವಾಲಯ ಎಲ್ಲ ಬಿಟ್ಟು ಬಂದವರು. ಅವರಿಗೆ ದೇವರು ಮೊದಲು ಹೇಳಿದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ ಎಂದು. ತೋಟ ಮಾಡಿದ ದಿನವೇ ಫಲ ಸಿಗುತ್ತದೆಯೇ? ಹನ್ನೊಂದನೇ ವಾಕ್ಯಕ್ಕಿಂತ ಮುಂಚೆ ಹತ್ತನೇ ವಾಕ್ಯ ಇದೆ. ಅಲ್ಲಿ 70 ವರ್ಷ ಎಂದಿದೆ. "ನಿನಗೆ ಆಗಿರೋದು ಎರಡೂವರೆ ತಿಂಗಳು ಮಗಳೇ" ಎಂದೆ. ಅವಳು ಕಾರ್ಡನ್ನು ತಿರುಗಿಸಿ ನೋಡಿದಳು. ಹಿಂದುಗಡೆ ಅವಳ ಗೆಳತಿಯರ ಸಹಿಗಳಿದ್ದವು. ಆಗ ಅತ್ತಳು, ಚೆನ್ನಾಗಿ ಅತ್ತಳು. ನಾನು ಸುಮ್ನೆ ಕೂತಿದ್ದೆ.

ಅಂದೇ ನಿದ್ದೆ, ಊಟದ ಬಗ್ಗೆ ಕೇಳಿದೆ. ರಾತ್ರಿ ಒಂದು ಗಂಟೆಯವರೆಗೆ ಹಳೆ ಗೆಳತಿಯರ ಗ್ರೂಪಿನಲ್ಲಿ ಚಾಟ್. ಬೆಳಿಗ್ಗೆ ಆರಕ್ಕೆ ಏಳುವುದು. ತಿಂಡಿ ಬಿಡುವುದು. ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಸಾಯಬೇಕು ಅಂತ ಅನಿಸುತ್ತದೆಯೇ, ನಿನಗೆ ನೀನೇ ನೋವು ಮಾಡಿಕೊಂಡಿದ್ದೀಯಾ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದಳು. ಈ ಪ್ರಶ್ನೆ ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಬರುತ್ತದೆ ಎಂದು ಎಷ್ಟೋ ಪೋಷಕರು ಹೆದರುತ್ತಾರೆ. ಹಾಗೆ ಬರುವುದಿಲ್ಲ. ಕೇಳದೇ ಇದ್ದರೆ ಮಗು ಒಂಟಿಯಾಗುತ್ತದೆ, ಅಷ್ಟೇ.

ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಹೊಸ ಸಭೆಯ ಯೂತ್ ಮೀಟಿಂಗಿಗೆ ಹೋಗು, ಕ್ವಾಯರ್ ಸೇರು, ಗೆಳೆತನ ತಾನಾಗಿ ಆಗುತ್ತದೆ ಎಂದೆ. ಅವಳು ಹೋದಳು. ಮೂವತ್ತು ಜನರ ಮುಂದೆ ಹೊಸಬಳು ಎಂದು ನಿಲ್ಲಿಸಿ ಪರಿಚಯ ಮಾಡಿಸಿದರು. ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಮೂರನೇ ಭೇಟಿಗೆ ಬಂದಾಗ ಮತ್ತೆ ಮೊದಲ ದಿನದ ಮಾತುಗಳನ್ನೇ ಶುರು ಮಾಡಿದಳು. ಅಲ್ಲಿ ಹೀಗಿರಲಿಲ್ಲ. ಅಲ್ಲಿ ಹಾಗಿರಲಿಲ್ಲ. ನಡುವೆ ನಿಲ್ಲಿಸಿ, "ಸಾರಿ ಆಂಟಿ, ಇದನ್ನೆಲ್ಲ ಆಗಲೇ ಹೇಳಿದ್ದೆ" ಎಂದಳು.

ಆಗ ನನಗೆ ಬೈಬಲಿನ ಪ್ರವಾದಿ ಎಲೀಯ ನೆನಪಾದ. ಇಬ್ಬರೂ 1 ಅರಸುಗಳು 19ನೇ ಅಧ್ಯಾಯ ತೆಗೆದೆವು. ಸಂಡೇ ಸ್ಕೂಲಿನಲ್ಲಿ ಕರ್ಮೆಲ್ ಬೆಟ್ಟದಲ್ಲಿ ಎಲೀಯನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಬಿದ್ದ ಕಥೆಯನ್ನು ಮಕ್ಕಳಿಗೆ ಚೆನ್ನಾಗಿ ಹೇಳಿಕೊಡುತ್ತೇವೆ. ಅದರ ಮುಂದಿನ ಪುಟಕ್ಕೆ ಹೋಗುವುದು ಕಡಿಮೆ. ಅದೇ ಎಲೀಯ ಹೆದರಿ ಓಡುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವರು ಬೈಯುವುದಿಲ್ಲ. ಬೋಧನೆಯನ್ನೂ ಮಾಡುವುದಿಲ್ಲ. ಎಲೀಯ ನಿದ್ದೆ ಮಾಡುತ್ತಾನೆ. ದೇವದೂತ ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬರುತ್ತಾನೆ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ಎದ್ದು ತಿನ್ನು ಎನ್ನುತ್ತಾನೆ. ಮೊದಲು ನಿದ್ದೆ ಮತ್ತು ಊಟ. ದೇವರು ಅವನ ಜೊತೆ ಹೋರೇಬ್ ಬೆಟ್ಟದಲ್ಲಿ ಮಾತಾಡಿದ್ದು 40 ದಿನದ ಆಮೇಲೆ.

ಆ ಬೆಟ್ಟದಲ್ಲಿ ದೇವರು ಕೇಳುತ್ತಾರೆ, ಎಲೀಯನೇ, ಇಲ್ಲಿ ಏನು ಮಾಡುತ್ತೀ? ಅವನು ತನ್ನ ದುಃಖ ಹೇಳಿಕೊಳ್ಳುತ್ತಾನೆ. ನಾನೊಬ್ಬನೇ ಉಳಿದಿದ್ದೇನೆ ಎನ್ನುತ್ತಾನೆ. ಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲ್ಲನೆಯ ದನಿ. ಮತ್ತೆ ಅದೇ ಪ್ರಶ್ನೆ. ಎಲೀಯನ ಉತ್ತರ? 10ನೇ ವಾಕ್ಯ ಮತ್ತು 14ನೇ ವಾಕ್ಯ ಪಕ್ಕಪಕ್ಕ ಇಟ್ಟು ಓದು ಎಂದೆ. ಬೆರಳಿಟ್ಟು ಓದಿದಳು. "ಆಂಟಿ, ಎರಡೂ ಒಂದೇ!" ಎಂದಳು.

ಹೌದು, ಅದೇ ದೂರು. ಅಷ್ಟೆಲ್ಲ ನೋಡಿದ ಮೇಲೂ ಅದೇ ಮಾತು. ಆಗಲೇ ಹೇಳಿದೆಯಲ್ಲ ಎಂದು ದೇವರು ಅನ್ನಲಿಲ್ಲ. ಎರಡು ಸಲವೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೆಲಸ ಕೊಟ್ಟರು. ನೀನೊಬ್ಬನೇ ಅಲ್ಲ, ಇನ್ನೂ 7,000 ಜನ ಇದ್ದಾರೆ ಎಂದು ತಿಳಿಸಿದರು. ಆದರೆ ಎಲೀಯ ಬೆಟ್ಟ ಇಳಿದು ಹೋದದ್ದು ಆ ಏಳು ಸಾವಿರ ಜನರ ನಡುವೆ ನಿಲ್ಲುವುದಕ್ಕಲ್ಲ. ಹೊಲ ಉಳುತ್ತಿದ್ದ ಒಬ್ಬನ ಹತ್ತಿರ, ಎಲೀಷನ ಹತ್ತಿರ. ನಾನು ಅವಳನ್ನು ನೇರವಾಗಿ ಮೂವತ್ತು ಜನರ ಮುಂದೆ ಕಳಿಸಿದ್ದೆ. ಅದಕ್ಕೆ ಅವಳ ಕ್ಷಮೆ ಕೇಳಿದೆ.

ಅಲ್ಲಿಂದ ಸಲಹೆ ಸಣ್ಣದಾಯಿತು. ಫೋನ್ ರಾತ್ರಿ ಹತ್ತಕ್ಕೆ ಮನೆಯ ಹಾಲ್‌ನಲ್ಲಿ ಇಡುವುದು. ಹಳೆ ಗೆಳತಿಯರನ್ನು ಬಿಡುವುದು ಬೇಡ, ವಾರಕ್ಕೆ ಎರಡು ದಿನ ಸಂಜೆ ಸಮಯ ಗೊತ್ತುಮಾಡಿ ಮಾತಾಡುವುದು. ತಿಂಡಿ ಬಿಡದಿರುವುದು. ಹೊಟ್ಟೆನೋವು ಬಂದ ದಿನವೂ ಶಾಲೆಗೆ ಹೋಗುವುದು, ಕಷ್ಟವಾದರೆ ಕ್ಲಾಸ್ ಟೀಚರ್ ಹತ್ತಿರ ಹತ್ತು ನಿಮಿಷ ಕೂತು ಬರಲು ಅನುಮತಿ. ಭಯದಿಂದ ಒಂದು ದಿನ ಮನೆಯಲ್ಲಿ ಉಳಿದರೆ ಮರುದಿನ ಹೋಗುವುದು ಇನ್ನೂ ಕಷ್ಟವಾಗುತ್ತದೆ. ಇದನ್ನು ತಾಯಿಗೆ ಎರಡು ಸಲ ಒತ್ತಿ ಹೇಳಿದೆ. ಗಣಿತದಲ್ಲಿ ಹಳೆ ಶಾಲೆಯಲ್ಲಿ ಮುಗಿಯದೇ ಇದ್ದ ಎರಡು ಪಾಠ ಇಲ್ಲಿ ಮೊದಲೇ ಮುಗಿದಿದ್ದವು. ಟೀಚರಿಗೆ ತಿಳಿಸಿದಾಗ ಅವರು ನೋಟ್ಸ್ ಕೊಡಿಸಿದರು. ದಡ್ಡಿಯಾಗಿಬಿಟ್ಟೆ ಎಂದು ಅವಳು ಅಂದುಕೊಂಡಿದ್ದಳು. ಪಾಠವೇ ಆಗಿರಲಿಲ್ಲ, ಪಾಪ.

ಗೆಳತಿಯರ ವಿಷಯದಲ್ಲಿ ಒಂದೇ ಕೆಲಸ ಕೊಟ್ಟೆ. ಒಬ್ಬಳು ಸಾಕು. ಲೈಬ್ರರಿಗೆ ಬರುವ ಯಾರಾದರೂ ಒಬ್ಬಳನ್ನು, ಏನು ಓದ್ತಿದ್ದೀಯಾ ಎಂದು ಕೇಳುವುದು. ಆ ವಾರ ಕೇಳಲಿಲ್ಲ. ಮುಂದಿನ ವಾರವೂ ಇಲ್ಲ. ಮೂರನೇ ವಾರ ಆ ಇನ್ನೊಬ್ಬಳೇ ಇವಳನ್ನು ಕೇಳಿದಳಂತೆ.

ಪ್ರಾರ್ಥನೆಗೆ ಬೈಬಲಿನ 13ನೇ ಕೀರ್ತನೆ ಕೊಟ್ಟೆ. ದಾವೀದ ಅದರ ಮೊದಲ ಎರಡೇ ವಾಕ್ಯಗಳಲ್ಲಿ ನಾಲ್ಕು ಸಲ, ಎಲ್ಲಿಯವರೆಗೆ ಎಂದು ದೇವರನ್ನು ಕೇಳುತ್ತಾನೆ. ಅದನ್ನು ನೋಡಿಕೊಂಡು ನಿನ್ನದನ್ನು ಬರೆ, ಕೊನೆಯಲ್ಲಿ ಸ್ತೋತ್ರ ಬರದಿದ್ದರೆ ಜಾಗ ಬಿಡು ಎಂದೆ. ಅವಳು ಒಂದೂವರೆ ಪುಟ ದೂರನ್ನೇ ಬರೆದಳು. ಅದೂ ಪ್ರಾರ್ಥನೆಯೇ. ದೇವರನ್ನು ನಂಬದವಳು ಅಷ್ಟು ದೂರನ್ನು ದೇವರಿಗೇ ಯಾಕೆ ಹೇಳುತ್ತಾಳೆ?

ತಂದೆ ತಾಯಿಗೆ ಹೇಳಿದ್ದು ಹೆಚ್ಚಿಲ್ಲ. ವಾಕ್ಯವನ್ನು ಮಗುವಿನ ಬಾಯಿ ಮುಚ್ಚಿಸಲು ಬಳಸಬೇಡಿ. ದಿನಕ್ಕೆ ಹದಿನೈದು ನಿಮಿಷ ಅವಳ ಹಳೆ ಶಾಲೆಯ ಮಾತು ಕೇಳಿ, ಸರಿಪಡಿಸದೇ ಕೇಳಿ. ಬೇಸರ ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಡದೇ ಇದ್ದರೆ, ಇಷ್ಟವಾದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಪ್ರಾರ್ಥನೆ ಇದೆಯಲ್ಲ ಎಂದು ಅದನ್ನು ಮುಂದೂಡಬೇಡಿ. ತಂದೆ ಆವರೆಗೆ ಸುಮ್ಮನಿದ್ದವರು, "ವರ್ಗ ತೆಗೆದುಕೊಂಡವನು ನಾನು. ಅವಳು ಅತ್ತರೆ ನನ್ನದೇ ತಪ್ಪು ಅನಿಸುತ್ತಿತ್ತು, ಅದಕ್ಕೇ ಕೇಳಲು ಆಗುತ್ತಿರಲಿಲ್ಲ" ಎಂದರು. ಈ ಮಾತನ್ನು ಮಗಳಿಗೆ ಹೇಳಿ ಎಂದೆ. ಆ ರಾತ್ರಿಯೇ ಹೇಳಿದರಂತೆ.

ಐದು ತಿಂಗಳಾಯಿತು. ಭಾನುವಾರದ ತಲೆನೋವು ಕೆಲವು ವಾರ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಯೂತ್ ಮೀಟಿಂಗಿಗೆ ಇನ್ನೂ ಹೋಗುತ್ತಿಲ್ಲ, ಅವಸರವೂ ಇಲ್ಲ. ಲೈಬ್ರರಿಯ ಹುಡುಗಿಯ ಜೊತೆ ವಿಜ್ಞಾನದ ಪ್ರಾಜೆಕ್ಟ್ ಇದೆ ಎಂದು ಕಳೆದ ಸಲದ ಭೇಟಿಯನ್ನು ಮುಂದೆ ಹಾಕಿಸಿಕೊಂಡಳು. ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಬಂದಾಗ ಹಳೆ ಶಾಲೆಯ ಮಾತು ಈಗಲೂ ತೆಗೆಯುತ್ತಾಳೆ. ನಾನು ಕೇಳುತ್ತೇನೆ.