ಕಾಫಿ ಕುದಿಸಬೇಡಿ, ಎಷ್ಟು ಸಲ ಹೇಳಲಿ?

ಟರ್ಕಿ ಅಡುಗೆ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಒಂದು ಸಲ ಬಿಡಿಸಿ ಹೇಳದಿದ್ದರೆ ಇದು ನಿಲ್ಲುವ ಹಾಗೆ ಕಾಣುವುದಿಲ್ಲ. ಹಾಗಾಗಿ ಈ ವಾರದ ಜಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ತಾಮ್ರದ ಜೆಜ್ವೆ (ಟರ್ಕಿಶ್ ಕಾಫಿ ಮಾಡುವ ಉದ್ದ ಹಿಡಿಯ ಪುಟ್ಟ ಪಾತ್ರೆ) ತರಿಸಿದೆ. ಮನೆಯಲ್ಲಿದ್ದ ಫಿಲ್ಟರ್ ಕಾಫಿ ಪುಡಿ ಹಾಕಿ, ವಿಡಿಯೊದಲ್ಲಿ ತೋರಿಸಿದ ಹಾಗೆ ಮೂರು ಸಲ ಕುದಿಸಿದೆ. ನೊರೆಯೇ ನಿಲ್ಲುವುದಿಲ್ಲ. ಕುಡಿದರೆ ಕಷಾಯ. ಟರ್ಕಿ ಬೀಜವನ್ನೇ ತರಿಸಬೇಕಾ? (ಶಿವಮೊಗ್ಗದಿಂದ. ಇದೇ ಪ್ರಶ್ನೆ ಹುಬ್ಬಳ್ಳಿ, ಮೈಸೂರು, ದುಬೈಯಿಂದಲೂ ಬಂದಿದೆ)

ಬೀಜದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಟರ್ಕಿ ಬೀಜ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಕಾಫಿ ಬೆಳೆದು ಮಾರುವ ದೇಶವೇ ಅಲ್ಲ ಅದು. ಅವರು ಬ್ರೆಜಿಲ್‌ನಿಂದ ತರಿಸಿಕೊಳ್ಳುವುದೇ ಜಾಸ್ತಿ. ಟರ್ಕಿಶ್ ಕಾಫಿ ಅನ್ನುವುದು ಮಾಡುವ ಕ್ರಮದ ಹೆಸರು, ಬೀಜದ ಹೆಸರಲ್ಲ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಈ ಕ್ರಮ ಮತ್ತು ಅದರ ಸುತ್ತಲಿನ ರೂಢಿ. ಹದಿನಾರನೇ ಶತಮಾನದಲ್ಲಿ ಇಸ್ತಾಂಬುಲ್‌ಗೆ ಕಾಫಿ ಹೋದದ್ದು ಯೆಮನ್‌ನಿಂದ. ಬಾಬಾಬುಡನ್ ಏಳು ಬೀಜ ತಂದ ಕಥೆಯಲ್ಲೂ ಊರು ಅದೇ ಯೆಮನ್‌ನ ಮೋಖಾ. ಹಾಗಾಗಿ ಚಿಕ್ಕಮಗಳೂರಿನ ಅರೇಬಿಕಾ ಧಾರಾಳವಾಗಿ ಸಾಕು. ಹದವಾಗಿ ಹುರಿದಿರಲಿ, ಕಪ್ಪಗೆ ಸೀಯಿಸಿದ್ದು ಬೇಡ.

ಇನ್ನು ನಿಮ್ಮ ಫಿಲ್ಟರ್ ಪುಡಿ. ಅದರಲ್ಲಿ ಚಿಕೋರಿ ಇದೆ ಅಲ್ವಾ? ಫಿಲ್ಟರಿಗೆ ಅದು ಸರಿ, ಇದಕ್ಕೆ ಬೇಡವೇ ಬೇಡ. ಇಲ್ಲಿ ಸೋಸುವುದಿಲ್ಲ. ಪುಡಿಯ ಜೊತೆಗೇ ಚಿಕೋರಿಯೂ ಕುದ್ದು ಕಹಿ ಬಿಡುತ್ತದೆ. ನೀವು ಹೇಳಿದ ಕಷಾಯದಲ್ಲಿ ಅರ್ಧ ಪಾಲು ಅದರದ್ದು.

ಎರಡನೆಯದು, ಆ ಪುಡಿ ತರಿ. ಫಿಲ್ಟರಿನ ತೂತಿನಲ್ಲಿ ಇಳಿಯಬಾರದು ಅಂತಲೇ ತರಿಯಾಗಿ ಬೀಸಿರುತ್ತಾರೆ. ಜೆಜ್ವೆಗೆ ಎಸ್‌ಪ್ರೆಸೊ ಪುಡಿಗಿಂತಲೂ ನುಣ್ಣಗೆ ಬೇಕು. ಚಿಟಿಕೆ ತಗೊಂಡು ಬೆರಳಲ್ಲಿ ಉಜ್ಜಿ ನೋಡಿ. ರಂಗೋಲಿ ಪುಡಿಯ ಹಾಗೆ ಚರಚರ ಅಂದರೆ ತರಿ. ಕುಂಕುಮದ ಹಾಗೆ ಬೆರಳಿನ ಗೆರೆಗಳಲ್ಲಿ ಕೂತುಬಿಟ್ಟರೆ ಸರಿ. ಮನೆ ಮಿಕ್ಸಿಯಲ್ಲಿ ಇದು ಆಗುವುದಿಲ್ಲ. ಅರ್ಧ ಧೂಳು, ಅರ್ಧ ನುಚ್ಚು ಆಗುತ್ತದೆ, ಮೇಲಿಂದ ಬಿಸಿಯೂ ಆಗುತ್ತದೆ. ಕಾಫಿ ಪುಡಿ ಅಂಗಡಿಯವರನ್ನು ಕೇಳಿ. 'ಅಷ್ಟು ನುಣ್ಣಗೆ ಬೀಸಿದರೆ ಮಿಷನ್ ಕಟ್ಟಿಕೊಳ್ಳುತ್ತೆ' ಅಂತ ಬೈದರೂ ಬೈಯಬಹುದು. ಆಗ ಕೈಯಲ್ಲಿ ತಿರುಗಿಸುವ ಹಿತ್ತಾಳೆಯ ಉದ್ದ ಗಿರಣಿಯೇ ಗತಿ.

ಪುಡಿ ಹೊಸದಿರಲಿ. ಹುರಿದ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ನಿಧಾನಕ್ಕೆ ಬಿಸಿಯಾದಾಗ ಅದು ಗುಳ್ಳೆಯಾಗಿ ಮೇಲೇಳುತ್ತದೆ. ಕಾಫಿಯ ಎಣ್ಣೆಯಂಶ, ನುಣ್ಣನೆ ಪುಡಿ ಎಲ್ಲ ಅದಕ್ಕೆ ಅಂಟಿಕೊಂಡು ದಪ್ಪ ನೊರೆ ಕಟ್ಟುತ್ತದೆ. ಡಬ್ಬದಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯಲ್ಲಿ ಆ ಗಾಳಿ ಎಲ್ಲಿರುತ್ತದೆ, ನೊರೆ ಎಲ್ಲಿಂದ ಬರುತ್ತದೆ?

ಪಾತ್ರೆ ವಿಷಯ. ಜೆಜ್ವೆಯ ಕತ್ತು ಕಿರಿದಾಗಿರುವುದು ಚಂದಕ್ಕಲ್ಲ, ನೊರೆಯನ್ನು ಒತ್ತಾಗಿ ಹಿಡಿಯಲಿಕ್ಕೆ. ನೀರು ಕತ್ತಿನವರೆಗೆ ಬರಬೇಕು. ನಾಲ್ಕು ಕಪ್ಪಿನ ಜೆಜ್ವೆಯಲ್ಲಿ ಒಂದು ಕಪ್ ಮಾಡಿದರೆ ನೊರೆ ತೆಳ್ಳಗೆ ಹರಡಿ ಒಡೆಯುತ್ತದೆ. ತಾಮ್ರದ್ದಾದರೆ ಒಳಗೆ ಕಲಾಯಿ ಇದೆಯಾ ನೋಡಿ. ತವರವನ್ನು ಅವರೂ 'ಕಲಾಯ್' ಅಂತಲೇ ಅನ್ನುವುದು, ನಮ್ಮ ಕಲಾಯಿಯೂ ಅದೇ ಮಾತು. ಕಲಾಯಿ ಇಲ್ಲದ ತಾಮ್ರದಲ್ಲಿ ಕಾಫಿ ಮಾಡಬೇಡಿ. ಅದನ್ನು ಶೋಕೇಸಿನಲ್ಲಿಡಿ. ಸ್ಟೀಲಿನದ್ದು ತಗೊಂಡರೆ ಈ ತಲೆನೋವೇ ಇಲ್ಲ. ಇನ್ನೊಂದು, ಪುಟ್ಟ ಜೆಜ್ವೆ ನಮ್ಮ ಗ್ಯಾಸ್ ಒಲೆಯ ಕಡ್ಡಿಗಳ ಮೇಲೆ ನಿಲ್ಲುವುದಿಲ್ಲ, ವಾಲಿ ಬೀಳುತ್ತದೆ. ಹಳೇ ಕಬ್ಬಿಣದ ತವಾ ಇಟ್ಟು ಅದರ ಮೇಲಿಡಿ. ಉರಿಯೂ ಹದಕ್ಕೆ ಬರುತ್ತದೆ.

ಈಗ ಮಾಡುವುದು. ಒಂದು ಸಣ್ಣ ಕಪ್ಪಿಗೆ 65ರಿಂದ 70 ಎಂ.ಎಲ್. ತಣ್ಣೀರು, ಸುಮಾರು 7 ಗ್ರಾಂ ಪುಡಿ. ಅಂದರೆ ಎರಡು ಟೀ ಚಮಚ. ಸಕ್ಕರೆ ಬೇಕಿದ್ದರೆ ಈಗಲೇ ಹಾಕಿ, ಆಮೇಲೆ ಹಾಕಿ ಕದಡುವಂತಿಲ್ಲ. ಅದಕ್ಕೇ ಅಲ್ಲಿ ಕಾಫಿ ಇಡುವ ಮೊದಲೇ ಕೇಳುತ್ತಾರೆ. ಸಾದೆ ಅಂದರೆ ಸಕ್ಕರೆ ಇಲ್ಲ, ಓರ್ತಾ ಅಂದರೆ ಮಧ್ಯಮ. ಗಂಟಿಲ್ಲದ ಹಾಗೆ ಚೆನ್ನಾಗಿ ಕದಡಿ. ಒಲೆ ಬಿಸಿಯಾಗತೊಡಗಿದ ಮೇಲೆ ಚಮಚ ಮುಟ್ಟಬೇಡಿ. ಉರಿ ಸಣ್ಣಗಿರಲಿ. ಮೂರು ನಾಲ್ಕು ನಿಮಿಷದಲ್ಲಿ ಅಂಚಿನ ಸುತ್ತ ಕಂದು ಬಣ್ಣದ ಉಂಗುರ ಕಟ್ಟುತ್ತದೆ. ಉಂಗುರ ನಡುವಿಗೆ ಕೂಡಿಕೊಳ್ಳುತ್ತಾ ಬರುತ್ತದೆ, ಆಮೇಲೆ ಒಟ್ಟಿಗೇ ಉಬ್ಬುತ್ತದೆ. ಉಬ್ಬಿದ ಕೂಡಲೇ ಕೆಳಗಿಳಿಸಿ. ಒಂದೊಂದು ಚಮಚ ನೊರೆ ಕಪ್ಪುಗಳಿಗೆ ಹಂಚಿ. ಇನ್ನೊಂದು ಸಲ ಒಲೆಗಿಟ್ಟು, ಉಬ್ಬುತ್ತಿದ್ದ ಹಾಗೇ ಕಪ್ಪಿನ ಗೋಡೆಗೆ ತಾಗಿಸಿ ನಿಧಾನಕ್ಕೆ ಬಗ್ಗಿಸಿ. ಎರಡು ನಿಮಿಷ ಬಿಡಿ, ಚರಟ ತಳಕ್ಕೆ ಕೂರಲಿ. ಅಷ್ಟೇ.

ಉಬ್ಬುವುದು ಬೇರೆ, ಕುದಿಯುವುದು ಬೇರೆ. ಕೊತಕೊತ ಅಂದಿತೋ, ಆವಿಯ ದೊಡ್ಡ ಗುಳ್ಳೆಗಳು ನೊರೆಯನ್ನು ಒಡೆದುಹಾಕುತ್ತವೆ. 'ಮೂರು ಸಲ ಕುದಿಸಬೇಕು' ಅಂತ ವಿಡಿಯೊ ಮಾಡಿದವರಿಗೆ ಲೈಕ್ ಬಂದಿರಬಹುದು, ಕಾಫಿ ಬಂದಿಲ್ಲ. ಹಾಲು ಕಾಯಿಸುವಾಗ ಒಲೆ ಮುಂದೆ ನಿಲ್ಲುತ್ತೀರಲ್ಲ, ಹಾಗೆ ನಿಲ್ಲಬೇಕು.

ನನಗೂ ಇದು ಬೈಸಿಕೊಂಡೇ ಬಂದದ್ದು. ಇಸ್ತಾಂಬುಲ್‌ನ ಕಾದಿಕೊಯ್‌ನಲ್ಲಿ ಹೋಟೆಲ್ ಅಡುಗೆಮನೆ ಕೆಲಸ ಮಾಡುತ್ತಿದ್ದಾಗ ಎದುರುಮನೆಯಲ್ಲಿ ಒಬ್ಬರು ತೆಯ್ಝೆ ಇದ್ದರು. ತೆಯ್ಝೆ ಅಂದರೆ ಚಿಕ್ಕಮ್ಮ, ಅಕ್ಕಪಕ್ಕದ ಹಿರಿಯ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ಅವರ ಒಲೆ ಮೇಲೆ ಕಾಫಿ ಇಟ್ಟು ನಾನು ಫೋನ್ ನೋಡುತ್ತಾ ನಿಂತಿದ್ದೆ. ಉಕ್ಕಿತು. ಅವರು ಮಾತಾಡಲಿಲ್ಲ. ಸಿಂಕಿಗೆ ಚೆಲ್ಲಿದರು, ಜೆಜ್ವೆ ತೊಳೆದರು, ಮತ್ತೆ ನನ್ನ ಕೈಗೆ ಕೊಟ್ಟರು. ಎರಡನೇ ಸಲವೂ ಉಕ್ಕಿತು. ಮೂರನೇ ಸಲ ಫೋನ್ ಕಿತ್ತುಕೊಂಡು ಫ್ರಿಜ್ ಮೇಲಿಟ್ಟರು. ಆ ಸಲ ನೊರೆ ಬಂತು.

ಚೂರುಪಾರು ಉಳಿದದ್ದು: ಬಿಸಿ ಮರಳಿನಲ್ಲಿ ಇಟ್ಟು ಮಾಡಿದರೆ ರುಚಿ ಜಾಸ್ತಿ ಅನ್ನುವುದು ಟೂರಿಸ್ಟರಿಗೆ. ಏಲಕ್ಕಿ ಅರಬ್ಬರ ರೂಢಿ, ಇಸ್ತಾಂಬುಲ್‌ನದ್ದಲ್ಲ. ಹಾಲಿನಲ್ಲಿ ಮಾಡುವವರು ಅಲ್ಲೂ ಇದ್ದಾರೆ, ಆದರೆ ನೀವು ಮೊದಲು ನೀರಿನದು ಕಲಿಯಿರಿ. ಇದು ಸೋಸದ ಕಾಫಿ. ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ನೇರ ಕಪ್ಪಿಗೆ ಬರುತ್ತದೆ, ಅದು ಕೊಲೆಸ್ಟ್ರಾಲ್ ಏರಿಸುತ್ತದೆ. ಕೊಲೆಸ್ಟ್ರಾಲಿಗೆ ಮಾತ್ರೆ ನುಂಗುವವರು ದಿನಾ ಇದನ್ನೇ ಕುಡಿಯಬೇಡಿ. ನಾನಂತೂ ದಿನಕ್ಕೆ ಒಂದಕ್ಕೇ ನಿಲ್ಲಿಸಿದ್ದೇನೆ.

ಪ್ರಶ್ನೆ: ನಿಂಬೆಹಣ್ಣು ಹಿಂಡಿದ ಟರ್ಕಿಶ್ ಕಾಫಿ ಕುಡಿದರೆ ಹೊಟ್ಟೆ ಕರಗುತ್ತಾ?

ಇಲ್ಲ. ನಿಂಬೆಹಣ್ಣೂ ದಂಡ, ಕಾಫಿಯೂ ದಂಡ.

ಪ್ರಶ್ನೆ: ಆಯ್ರಾನ್‌ಗೂ ನಮ್ಮ ಮಜ್ಜಿಗೆಗೂ ಏನು ವ್ಯತ್ಯಾಸ?

ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುತ್ತೀರಿ, ಇದರಲ್ಲಿ ಸಾಮಾನ್ಯವಾಗಿ ತೆಗೆಯುವುದಿಲ್ಲ. ಗಟ್ಟಿ ಮೊಸರು, ತಣ್ಣೀರು, ಉಪ್ಪು. ಇಂಗು, ಕರಿಬೇವಿನ ಒಗ್ಗರಣೆ ಹಾಕಿದವರು ಅದನ್ನು ಮಜ್ಜಿಗೆ ಅಂತಲೇ ಕರೆಯಿರಿ.

ಪ್ರಶ್ನೆ: ಸಲೆಪ್ ಪುಡಿ 'ಗಂಡಸರ ಶಕ್ತಿಗೆ' ಅಂತ ಒಬ್ಬರು ಕೊಟ್ಟಿದ್ದಾರೆ. ಹಾಲಿನಲ್ಲಿ ಹೇಗೆ ಮಾಡುವುದು? (ಬೆಂಗಳೂರು)

ಮಾಡಬೇಡಿ. ಸಲೆಪ್ ಅಂದರೆ ಕಾಡು ಆರ್ಕಿಡ್‌ಗಳ ಗೆಡ್ಡೆಯ ಹಿಟ್ಟು. ಒಂದು ಕಿಲೋ ಹಿಟ್ಟಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಕೀಳಬೇಕು, ಕಿತ್ತರೆ ಗಿಡ ಸತ್ತ ಹಾಗೇ. ಟರ್ಕಿ ಅದರ ರಫ್ತನ್ನೇ ನಿಲ್ಲಿಸಿದೆ. ನಮ್ಮಲ್ಲಿ ಹಿಮಾಲಯದ ಆರ್ಕಿಡ್ ಗೆಡ್ಡೆಯನ್ನು ಸಾಲಂ ಮಿಶ್ರಿ ಅಂತ ಇದೇ ಆಸೆ ತೋರಿಸಿ ಮಾರುತ್ತಾರೆ. ಗೆಡ್ಡೆಯ ಆಕಾರ ನೋಡಿ ಹುಟ್ಟಿದ ನಂಬಿಕೆ ಅದು, ಬೇರೇನಿಲ್ಲ. ನಿಮಗೆ ಸಿಕ್ಕ ಡಬ್ಬದಲ್ಲಿ ಬಹುಶಃ ಕಾರ್ನ್‌ಫ್ಲೋರ್ ಇದೆ. ಹಾಗಿದ್ದರೆ ನಿಮ್ಮ ಪುಣ್ಯ. ಬಿಸಿ ಹಾಲಿಗೆ ಅಂಗಡಿಯ ಕಾರ್ನ್‌ಫ್ಲೋರ್, ಸಕ್ಕರೆ ಹಾಕಿ ಕುದಿಸಿ, ಮೇಲೆ ಚಕ್ಕೆ ಪುಡಿ ಉದುರಿಸಿ ಕುಡಿಯಿರಿ. ರುಚಿ ಹತ್ತಿರ ಬರುತ್ತದೆ, ಶಕ್ತಿ ಹಾಲಿನದ್ದು.

ಪ್ರಶ್ನೆ: ಬೋಝಾ ಅಂದರೆ ನಮ್ಮ ಅಂಬಲಿಯಾ? ಕುಡಿದರೆ ಮತ್ತು ಬರುತ್ತಾ? (ತುಮಕೂರು)

ಅಂಬಲಿಯ ದೂರದ ನೆಂಟ ಅನ್ನಿ, ಸಿಹಿ ಜಾಸ್ತಿ. ಚಳಿಗಾಲದ್ದು. ಇಸ್ತಾಂಬುಲ್‌ನಲ್ಲಿ ವೆಫಾ ಅನ್ನುವ ಕಡೆ 1876ರಿಂದ ಇದನ್ನೇ ಮಾರುವ ಅಂಗಡಿ ಇದೆ. ಬರಗು ಅಕ್ಕಿಯನ್ನು ರಾತ್ರಿ ನೆನೆಹಾಕಿ, ಕರಗುವ ಹಾಗೆ ಬೇಯಿಸಿ, ರುಬ್ಬಿ ಸೋಸಿ. ಸಕ್ಕರೆ ಬೆರೆಸಿ. ಉಗುರುಬೆಚ್ಚಗಾದ ಮೇಲೆ ಚಿಟಿಕೆ ಯೀಸ್ಟ್, ಒಂದು ಚಮಚ ಮೊಸರು. ಒಂದೆರಡು ದಿನದಲ್ಲಿ ಗುಳ್ಳೆ ಬಂದು ಹುಳಿ ತಾಗಿದರೆ ಫ್ರಿಜ್‌ನಲ್ಲಿಡಿ, ಮೂರು ದಿನದಲ್ಲಿ ಮುಗಿಸಿ. ಮೇಲೆ ಚಕ್ಕೆ ಪುಡಿ, ಹುರಿದ ಕಡಲೆ. ಆಲ್ಕೋಹಾಲ್ ಶೇ 1ರ ಆಸುಪಾಸು ಇರುತ್ತದೆ. ಮತ್ತು ಬರುವುದಿಲ್ಲ, ಆದರೂ ಪುಟ್ಟ ಮಕ್ಕಳಿಗೆ ನಾನು ಕೊಡುವುದಿಲ್ಲ. ಮುಚ್ಚಳ ಬಿಗಿ ಮಾಡಬೇಡಿ. ನಾನೊಮ್ಮೆ ಮಾಡಿ, ಸೂರಿಗೆ ಸಿಡಿದದ್ದನ್ನು ಏಣಿ ಹಾಕಿ ಒರೆಸಿದ್ದೇನೆ.

ಪ್ರಶ್ನೆ: ಲೊಕುಮ್‌ಗೆ (ಟರ್ಕಿಶ್ ಡಿಲೈಟ್ ಅನ್ನುವ ಸಿಹಿತಿಂಡಿ) ಜೆಲಾಟಿನ್ ಎಷ್ಟು?

ಹಾಕಿದರೆ ಅದು ಜೆಲ್ಲಿ. ಲೊಕುಮ್ ಕಾರ್ನ್‌ಫ್ಲೋರ್, ಸಕ್ಕರೆಯದ್ದು. ಒಲೆ ಮುಂದೆ ಗಂಟೆಗಟ್ಟಲೆ ಮಗುಚಬೇಕು. ಬಾಂಬೆ ಹಲ್ವ ಮಾಡಿದವರಿಗೆ ತೋಳುನೋವಿನ ಅಂದಾಜು ಇರುತ್ತದೆ.

ಪ್ರಶ್ನೆ: ಕಾಫಿ ಕುಡಿದ ಕಪ್ ಬೋರಲು ಹಾಕಿ, ಚರಟದ ಫೋಟೊ ಕಳಿಸಿದರೆ ಭವಿಷ್ಯ ಹೇಳುತ್ತಾರಂತೆ, 500 ರೂಪಾಯಿ. ನನ್ನ ಕಪ್ಪಿನ ಫೋಟೊ ಇದರ ಜೊತೆಗಿದೆ. ನಂಬಬಹುದಾ?

ಭವಿಷ್ಯವನ್ನು ನಂಬಬೇಡ, ಕೇಳದೆಯೂ ಇರಬೇಡ ಅಂತ ಅಲ್ಲಿ ಒಂದು ಗಾದೆ ಇದೆ. ಗೆಳತಿಯರು ಕೂತು ನಗಲಿಕ್ಕೆ ಹೇಳಿಕೊಳ್ಳುತ್ತಾರೆ, ದುಡ್ಡು ಕೊಟ್ಟಲ್ಲ. ನಿಮ್ಮ ಫೋಟೊ ನಾನೂ ನೋಡಿದೆ. ಚರಟ ತರಿತರಿಯಾಗಿದೆ. ಪುಡಿ ಇನ್ನೂ ನುಣ್ಣಗೆ ಬೀಸಿಸಿ.