5 ವರ್ಷ ತಗೊಂಡ ಡಿಪ್ರೆಶನ್ ಮಾತ್ರೆಯನ್ನು 2 ವಾರದಲ್ಲಿ ಬಿಟ್ಟೆ. ಈಗ ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುತ್ತಿದೆ. ಹೇಗೆ ತಡೆದುಕೊಳ್ಳಲಿ?

ತಡೆದುಕೊಳ್ಳಬೇಡಿ. ನನ್ನ ಉತ್ತರ ಇಷ್ಟೇ. ಎಸ್ಸಿಟಲೋಪ್ರಾಮ್ ಬಿಟ್ಟು ತಲೆಸುತ್ತು, ಅಳು, ನಿದ್ದೆ ಇಲ್ಲ ಅಂದಿದ್ದೀರಿ. ಯಾವ ವಿಟಮಿನ್ ತಗೊಂಡರೆ ಇದನ್ನು ದಾಟಬಹುದು, ಮತ್ತೆ ಮಾತ್ರೆ ಮುಟ್ಟಬಾರದು ಅಂತ ಹಟ ಹಿಡಿದಿದ್ದೇನೆ ಅಂತಲೂ ಬರೆದಿದ್ದೀರಿ. ಆ ಹಟ ನನಗೆ ಚೆನ್ನಾಗಿ ಗೊತ್ತು.

ನನ್ನದು ವೆನ್ಲಾಫ್ಯಾಕ್ಸಿನ್. ದಿನಕ್ಕೊಂದು 75 ಮಿಲಿಗ್ರಾಂ ಕ್ಯಾಪ್ಸೂಲ್, ವರ್ಷಗಟ್ಟಲೆ. ಅದು ನನಗೆ ಒಳ್ಳೆಯದನ್ನೇ ಮಾಡಿತ್ತು, ಮೊದಲೇ ಹೇಳಿಬಿಡುತ್ತೇನೆ. ಈ ಮಾತ್ರೆಗಳೆಲ್ಲ ವಿಷ ಅನ್ನುವ ಗುಂಪಿಗೆ ಸೇರಿದವನಲ್ಲ ನಾನು. ಹಾಸಿಗೆ ಬಿಟ್ಟು ಏಳಲಾಗದವನು ಅದರ ದೆಸೆಯಿಂದ ಕೆಲಸಕ್ಕೆ ಹೋಗುವಂತಾಗಿದ್ದೆ. ಚೆನ್ನಾಗಿದ್ದೀನಲ್ಲ, ಇನ್ಯಾಕೆ ಇದು ಅನ್ನಿಸಿತು. ಡಾಕ್ಟರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಅದೂ ತಪ್ಪೇ. ಆದರೆ ನನ್ನನ್ನು ನೆಲಕ್ಕೆ ಕೆಡವಿದ್ದು ಇನ್ನೊಂದು. ನಾನು ಕ್ಯಾಪ್ಸೂಲನ್ನು ದಿನ ಬಿಟ್ಟು ದಿನ ತಗೊಳ್ಳತೊಡಗಿದೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈಗಲೂ ಎಷ್ಟೋ ಜನ ಇದೇ ಮಾಡುತ್ತಾರೆ. ಲೆಕ್ಕ ನೋಡುವುದಕ್ಕೆ ಸರಿಯಾಗೇ ಇದೆ. ದಿನ ಬಿಟ್ಟು ದಿನ 75 ತಗೊಂಡರೆ ದಿನಕ್ಕೆ ಸರಾಸರಿ 37.5. ಡೋಸ್ ಅರ್ಧ ಆಯಿತು, ಅಲ್ವಾ? ಅದೂ ಅಲ್ಲದೆ ನನ್ನ ಪರಿಚಯದವರೊಬ್ಬರು ಫ್ಲೂಆಕ್ಸೆಟಿನ್ ಅನ್ನುವ ಇನ್ನೊಂದು ಡಿಪ್ರೆಶನ್ ಮಾತ್ರೆಯನ್ನು ಹೀಗೇ ಬಿಟ್ಟಿದ್ದರು. ಅವರ ಡಾಕ್ಟರೇ ಹಾಗೆ ಹೇಳಿದ್ದರಂತೆ. ಅವರಿಗೆ ಏನೂ ಆಗಲಿಲ್ಲ. ನನಗೆ ಅನುಮಾನವೇ ಬರಲಿಲ್ಲ.

ರಕ್ತಕ್ಕೆ ಸರಾಸರಿ ಗೊತ್ತಾಗುವುದಿಲ್ಲ. ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ ಒಂದೊಂದು ಮಾತ್ರೆಗೆ ಒಂದೊಂದು ಥರ. ಹಾಫ್ ಲೈಫ್ ಅನ್ನುತ್ತಾರಲ್ಲ, ಅದು. ಬಹಳ ದಿನ ತಗೊಂಡವರಲ್ಲಿ ಫ್ಲೂಆಕ್ಸೆಟಿನ್ ಅರ್ಧವಾಗಲು 4ರಿಂದ 6 ದಿನ ಹಿಡಿಯುತ್ತದೆ. ಅದು ಒಡೆದು ಆಗುವ ಇನ್ನೊಂದು ವಸ್ತುವೂ ಔಷಧದ ಕೆಲಸವನ್ನೇ ಮಾಡುತ್ತದೆ, ಅದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ನಡುವೆ ಒಂದು ದಿನ ತಪ್ಪಿದರೆ ಮೈಗೆ ಗೊತ್ತೇ ಆಗುವುದಿಲ್ಲ. ಅದೇ ವೆನ್ಲಾಫ್ಯಾಕ್ಸಿನ್‌ಗೆ ಸುಮಾರು 5 ಗಂಟೆ. ಅದರಿಂದ ಹುಟ್ಟುವ ವಸ್ತುವಿಗೆ ಸುಮಾರು 11 ಗಂಟೆ. ಔಷಧವನ್ನು ನಿಧಾನವಾಗಿ ಬಿಡುವ ಕ್ಯಾಪ್ಸೂಲ್ ಆದರೆ ಇನ್ನೊಂದಿಷ್ಟು ಹೊತ್ತು ಎಳೆಯಬಹುದು, ಅಷ್ಟೇ. ಮುಂದಿನ ಕ್ಯಾಪ್ಸೂಲ್ ಹೊತ್ತಿಗೆ, ಅಂದರೆ 48 ಗಂಟೆಗೆ, ಹೆಚ್ಚುಕಡಿಮೆ ಖಾಲಿ. ನಾನು ಡೋಸ್ ಅರ್ಧ ಮಾಡಿರಲೇ ಇಲ್ಲ. ಎರಡು ದಿನಕ್ಕೊಮ್ಮೆ ಪೂರ್ತಿ ಬಿಟ್ಟು, ಮತ್ತೆ ಪೂರ್ತಿ ಶುರು ಮಾಡುತ್ತಿದ್ದೆ. ಮೈ ಒಂದು ಮಟ್ಟಕ್ಕೆ ಒಗ್ಗಿಕೊಳ್ಳುವ ಮೊದಲೇ ಅದನ್ನು ಎಳೆದುಹಾಕುತ್ತಿದ್ದೆ. ಮಾತ್ರೆ ತಗೊಂಡ ದಿನ ಪರವಾಗಿಲ್ಲ, ಮಾರನೇ ದಿನ ಸಂಜೆ ನರಕ. ಆದರೂ ನನಗೆ ಹೊಳೆಯಲಿಲ್ಲ. ಇಷ್ಟು ಕಷ್ಟ ಪಡುತ್ತಿದ್ದೀನಿ, ಇನ್ನೇನು ಮುಗಿಯಿತು ಅಂತ ಹಲ್ಲು ಕಚ್ಚಿ, ಕೊನೆಗೆ ಅದನ್ನೂ ನಿಲ್ಲಿಸಿಬಿಟ್ಟೆ.

ನಿಮ್ಮ ಎಸ್ಸಿಟಲೋಪ್ರಾಮ್‌ಗೆ ಹಾಫ್ ಲೈಫ್ ಸುಮಾರು 30 ಗಂಟೆ. ನನ್ನದಕ್ಕಿಂತ ವಾಸಿ. ಆದರೆ ಫ್ಲೂಆಕ್ಸೆಟಿನ್ ಅಲ್ಲವೇ ಅಲ್ಲ. ಯಾರಾದರೂ ದಿನ ಬಿಟ್ಟು ದಿನ ತಗೊಳ್ಳಿ ಅಂದರೆ ಕೇಳಬೇಡಿ.

ಇನ್ನು ಆ ಕರೆಂಟ್. ನನ್ನ ಕೆಲಸ ಪ್ರೂಫ್ ನೋಡುವುದು. ಸಾಲಿನ ಕೊನೆ ಮುಟ್ಟಿದ ಕಣ್ಣು ಮುಂದಿನ ಸಾಲಿನ ಮೊದಲಿಗೆ ಬರುತ್ತದಲ್ಲ, ಆ ಗಳಿಗೆಯಲ್ಲಿ ಸರಿಯಾಗಿ ತಲೆಯೊಳಗೆ ಝುಂಯ್ ಅನ್ನುತ್ತಿತ್ತು. ನೋವಲ್ಲ. ಎದುರಿಗಿರುವುದೆಲ್ಲ ಅರೆಕ್ಷಣ ಜಾರಿ, ಮತ್ತೆ ಜಾಗಕ್ಕೆ ಬಂದು ಕೂತ ಹಾಗೆ. ಒಂದು ಸಾಲಿಗೆ ಒಂದು ಸಲ. ಪುಟದ ತುಂಬ ಎಷ್ಟು ಸಾಲು ಅಂತ ನೀವೇ ನೋಡಿಕೊಳ್ಳಿ. ಕಣ್ಣು ಅಲ್ಲಾಡಿಸದೆ ಇಡೀ ತಲೆಯನ್ನೇ ಎಡಕ್ಕೂ ಬಲಕ್ಕೂ ತಿರುಗಿಸುತ್ತ ಓದುವುದು ಕಲಿತೆ. ಪಕ್ಕದ ಟೇಬಲಿನವರು ಕತ್ತು ಹಿಡಿದುಕೊಂಡಿದೆಯಾ ಅಂದರು. ಹೌದು ಅಂದೆ. ಇನ್ನೇನು ಹೇಳಲಿ?

ರಾತ್ರಿ ಸಿನಿಮಾದಷ್ಟು ಸ್ಪಷ್ಟವಾದ ಕನಸುಗಳು, ಬೆವರು. ಹಗಲು ಹೊಟ್ಟೆ ತೊಳಸುವುದು. ಮಗಳು ಪಕ್ಕದ ಕೋಣೆಯಲ್ಲಿ ಪೆನ್ಸಿಲ್ ಚೂಪು ಮಾಡುವ ಸದ್ದಿಗೆ ನಾನು ಕೂಗಾಡಿದ್ದು ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಮನೆಯವಳು ಒಂದು ದಿನ, "ನಿಮಗೆ ಮತ್ತೆ ಅದೇ ಶುರುವಾಗಿದೆ ಕಣ್ರೀ, ನಡೀರಿ ಡಾಕ್ಟರ ಹತ್ರ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಕಾಯಿಲೆ ಮರಳಿ ಬಂದಿದೆ, ಇನ್ನು ಸಾಯುವವರೆಗೂ ಈ ಕ್ಯಾಪ್ಸೂಲ್ ತಪ್ಪಿದ್ದಲ್ಲ ಅಂತ. ಡಾಕ್ಟರ್ ನನ್ನ ಕಥೆ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಮೊದಲ ಸಲ ಡಿಪ್ರೆಶನ್ ಬಂದಾಗ ಈ ಕರೆಂಟ್ ಹೊಡೆಯುವುದು ಇತ್ತಾ?" ಇರಲಿಲ್ಲ. ತಲೆಸುತ್ತೂ ಇರಲಿಲ್ಲ, ಆ ಕನಸುಗಳೂ ಇರಲಿಲ್ಲ. ಆಗ ಇದ್ದದ್ದು ಭಾರ, ಯಾವುದರಲ್ಲೂ ಆಸೆ ಇಲ್ಲದಿರುವುದು. ಇದು ಬೇರೆಯದೇ ಪ್ರಾಣಿ.

ನೀವೂ ಆ ಪ್ರಶ್ನೆ ಕೇಳಿಕೊಳ್ಳಿ. ಮಾತ್ರೆ ಬಿಟ್ಟ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ, ಮೊದಲು ಎಂದೂ ಇಲ್ಲದ ಲಕ್ಷಣಗಳನ್ನು ತರುತ್ತದೆ. ಹಳೇ ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಮೆಲ್ಲಗೆ. ಇನ್ನೊಂದು ಗುರುತು, ಮಾತ್ರೆ ಮತ್ತೆ ಶುರು ಮಾಡಿದರೆ ಬಿಟ್ಟ ತೊಂದರೆ ಬಹಳ ಸಲ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಡಿಪ್ರೆಶನ್ ಅಷ್ಟು ಬೇಗ ಬಗ್ಗುವುದಿಲ್ಲ, ಅದಕ್ಕೆ ವಾರಗಳು ಬೇಕು. ಎರಡೂ ಒಟ್ಟಿಗೆ ಇರಬಹುದು ಅನ್ನುವುದೂ ನಿಜ. ಅದನ್ನು ಬಿಡಿಸಿ ನೋಡುವುದು ಡಾಕ್ಟರ ಕೆಲಸ, ನಮ್ಮದಲ್ಲ.

ನಾನು ಮತ್ತೆ ಶುರು ಮಾಡಿದೆ. ವಾರ ಕಳೆಯುವಷ್ಟರಲ್ಲಿ ಪುಟ ಓದಬಲ್ಲವನಾದೆ.

ನಿಮ್ಮ ಹಟಕ್ಕೆ ಇಲ್ಲೇ ನನ್ನ ತಕರಾರು. ಮತ್ತೆ ಮಾತ್ರೆ ಮುಟ್ಟಿದರೆ ಸೋತ ಹಾಗೆ ಅಂದುಕೊಂಡಿದ್ದೀರಿ. ಇದು ಮನಸ್ಸಿನ ಗಟ್ಟಿತನದ ಪರೀಕ್ಷೆ ಅಲ್ಲ. ವರ್ಷಗಟ್ಟಲೆ ಒಂದು ಔಷಧಕ್ಕೆ ಹೊಂದಿಕೊಂಡ ಮಿದುಳಿಗೆ ವಾಪಸ್ ಹೊಂದಿಕೊಳ್ಳಲು ಸಮಯ ಬೇಕು, ನೀವು ಅದಕ್ಕೆ 2 ವಾರ ಕೊಟ್ಟಿರಿ. ಇದು ಚಟವೂ ಅಲ್ಲ. ಮಾತ್ರೆಗಾಗಿ ನಿಮ್ಮ ಬಾಯಿ ಚಪ್ಪರಿಸುತ್ತಿದೆಯೇ? ಇಲ್ಲ. ಆಗಿರುವುದು ವೇಗದ ತಪ್ಪು, ಅದನ್ನು ವೇಗ ತಗ್ಗಿಸಿಯೇ ಸರಿಪಡಿಸಬೇಕು. ಮೇಲೆ ಹೋಗಿ, ನಿಂತು, ಮೆಲ್ಲಗೆ ಇಳಿಯುವುದು. ಎಷ್ಟು ಡೋಸಿಗೆ ಮರಳಬೇಕು ಅನ್ನುವುದನ್ನು ಡಾಕ್ಟರ್ ಹೇಳಲಿ. ಬಿಟ್ಟು ಬಹಳ ದಿನ ಆಗಿದ್ದರೆ ಹಳೇ ಡೋಸನ್ನೇ ಒಮ್ಮೆಲೇ ತಗೊಳ್ಳುವುದು ಸರಿಹೋಗದೆಯೂ ಇರಬಹುದು. ಡ್ರಾಯರಿನಲ್ಲಿ ಉಳಿದ ಸ್ಟ್ರಿಪ್ ತೆಗೆದು ಸುಮ್ನೆ ನುಂಗಬೇಡಿ.

ಇಳಿಯುವಾಗ ಒಂದು ವಿಚಿತ್ರ ಇದೆ, ಇದನ್ನು ತಿಳಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಡೋಸ್ ಅರ್ಧ ಮಾಡಿದರೆ ಪರಿಣಾಮ ಅರ್ಧ ಆಗುವುದಿಲ್ಲ. 2019ರಲ್ಲಿ ದಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಬಿಡಿಸಿ ಬರೆದರು. ಉದಾಹರಣೆಗೆ, ನಿಮ್ಮ ಮಾತ್ರೆಯ ಅಣ್ಣನಂತಿರುವ ಸಿಟಲೋಪ್ರಾಮ್‌ನ ಲೆಕ್ಕ ನೋಡಿ. ಈ ಮಾತ್ರೆಗಳು ಕೆಲಸ ಮಾಡುವುದು ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಸಾಗಿಸುವ ಬಾಗಿಲುಗಳನ್ನು ಮುಚ್ಚಿ; 20 ಮಿಲಿಗ್ರಾಂಗೆ ಅವುಗಳಲ್ಲಿ ಸುಮಾರು 80% ಮುಚ್ಚಿರುತ್ತವೆ. 9 ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರೂ 70% ಮುಚ್ಚಿಯೇ ಇರುತ್ತವೆ. 40%ಗೆ ಬರಬೇಕಾದರೆ ಸುಮಾರು 2.3 ಮಿಲಿಗ್ರಾಂಗೆ ಇಳಿಯಬೇಕು, 20%ಗೆ 0.8. ಅಂದರೆ ಮೇಲಿನ 10 ಮಿಲಿಗ್ರಾಂ ಬಿಡುವುದು ಸಣ್ಣ ಹೆಜ್ಜೆ, ಕೊನೆಯ 2 ಮಿಲಿಗ್ರಾಂ ಬಿಡುವುದು ದೊಡ್ಡ ಜಿಗಿತ. ಸಾಮಾನ್ಯವಾಗಿ ನಾವು ಮಾಡುವುದು ಉಲ್ಟಾ. ಅರ್ಧ ಮಾತ್ರೆವರೆಗೆ ಜೋಪಾನವಾಗಿ ಬಂದು, "ಇಷ್ಟೇ ತಾನೆ" ಅಂತ ಅಲ್ಲಿಂದ ಸೊನ್ನೆಗೆ ಹೋಗುತ್ತೇವೆ.

ಡಾಕ್ಟರುಗಳನ್ನೂ ಪೂರ್ತಿ ದೂರಲಾರೆ. ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೇ 2009ರಿಂದ, ಈ ತೊಂದರೆ ಸಾಮಾನ್ಯವಾಗಿ ಸೌಮ್ಯ, ಒಂದು ವಾರದಲ್ಲಿ ತಾನಾಗಿ ಹೋಗುತ್ತದೆ ಅನ್ನುತ್ತಿತ್ತು. 2019ರಲ್ಲಿ ಅದನ್ನು ತಿದ್ದಿದರು, ಕೆಲವರಿಗೆ ಇದು ತೀವ್ರವಾಗಿರಬಹುದು, ಹೆಚ್ಚು ಕಾಲ ಎಳೆಯಬಹುದು ಅಂತ ಒಪ್ಪಿಕೊಂಡರು. 2022ರ ಮಾರ್ಗಸೂಚಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಪ್ರತಿ ಸಲ ಆಗಿನ ಡೋಸಿನ ಒಂದು ಪಾಲು ಇಳಿಸಬೇಕು, ಡೋಸ್ ಸಣ್ಣದಾದಂತೆ ಇಳಿಸುವ ಪಾಲೂ ಸಣ್ಣದಾಗಬೇಕು, ಮಾತ್ರೆಯಲ್ಲಿ ಅಷ್ಟು ಸಣ್ಣ ಡೋಸ್ ಸಿಗದಿದ್ದರೆ ದ್ರವರೂಪದ ಔಷಧ ನೋಡಬೇಕು. ಎಸ್ಸಿಟಲೋಪ್ರಾಮ್ ದ್ರವರೂಪದಲ್ಲೂ ತಯಾರಾಗುತ್ತದೆ, ಕೇಳಿ ನೋಡಿ. ನನ್ನ ಕ್ಯಾಪ್ಸೂಲಿನಲ್ಲಿ ಸಣ್ಣ ಸಣ್ಣ ಗುಳಿಗೆಗಳಿದ್ದವು. ಕೊನೆಕೊನೆಗೆ ಡಾಕ್ಟರ್ ಹೇಳಿದಷ್ಟು ಗುಳಿಗೆ ತೆಗೆದು, ಮುಚ್ಚಳ ಹಾಕಿ ನುಂಗುತ್ತಿದ್ದೆ. ಬಿಳಿ ಹಾಳೆಯ ಮೇಲೆ ಬಿಳಿ ಗುಳಿಗೆ ಕಾಣುವುದಿಲ್ಲ, ಕಪ್ಪು ಹಾಳೆ ಬೇಕು. ಸೀನು ಬಂದರೆ ಕಥೆ ಮುಗಿಯಿತು. (ಎಲ್ಲ ಕ್ಯಾಪ್ಸೂಲುಗಳೂ ಹೀಗಿರುವುದಿಲ್ಲ. ನಿಧಾನವಾಗಿ ಕರಗುವ ಮಾತ್ರೆಗಳನ್ನಂತೂ ಮುರಿಯಲೇಬಾರದು. ಕೇಳದೆ ಮಾಡಬೇಡಿ.) ಆ ಕೊನೆಯ ಚೂರು ಬಿಡಲು ತಗೊಂಡ ಕಾಲ ಉಳಿದ ಎಲ್ಲಕ್ಕಿಂತ ಜಾಸ್ತಿ. ನಡುವೆ ಒಂದೆರಡು ಸಲ ಝುಂಯ್ ಮರಳಿತು. ಆಗೆಲ್ಲ ಅಲ್ಲೇ ನಿಂತೆ, ಸರಿಹೋದ ಮೇಲೆ ಮುಂದಕ್ಕೆ.

ಎಲ್ಲರಿಗೂ ಹೀಗಾಗುತ್ತದೆ ಅಂತ ಓದಿದವರು ಹೆದರುವುದು ಬೇಡ. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಮಾತ್ರೆ ಬಿಟ್ಟವರಲ್ಲಿ ಸುಮಾರು 31% ಜನರಿಗೆ ಏನಾದರೊಂದು ಲಕ್ಷಣ ಕಂಡಿತ್ತು. ಔಷಧವೇ ಇಲ್ಲದ ಹುಸಿ ಮಾತ್ರೆ ಬಿಟ್ಟವರಲ್ಲೂ ಸುಮಾರು 17% ಜನರಿಗೆ ಕಂಡಿತ್ತು! ತೀವ್ರವಾಗಿ ಆಗುವವರು ಕಡಿಮೆ. ಆದರೆ ಆ ಕಡಿಮೆ ಜನರಲ್ಲಿ ನೀವೊಬ್ಬರು, ನಾನೊಬ್ಬ ಆದಾಗ ಶೇಕಡಾವಾರು ತಗೊಂಡು ಏನು ಮಾಡುವುದು?

ವಿಟಮಿನ್ ಕೇಳಿದ್ದೀರಿ. ಇದನ್ನು ನಿಲ್ಲಿಸುತ್ತದೆ ಅಂತ ಸಾಬೀತಾದ ವಿಟಮಿನ್ ಯಾವುದೂ ಇಲ್ಲ. ತಗೊಂಡರೆ ದುಡ್ಡು ಹೋಗುತ್ತದೆ, ಅಷ್ಟೇ. ಆದರೆ ಗಿಡಮೂಲಿಕೆ ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್, 5-ಎಚ್‌ಟಿಪಿ ಇವೆರಡರ ತಂಟೆಗೆ ಹೋಗಬೇಡಿ. ಇವೂ ಸೆರೊಟೋನಿನ್ ಮೇಲೇ ಕೆಲಸ ಮಾಡುತ್ತವೆ. ನಾಳೆ ಎಸ್ಸಿಟಲೋಪ್ರಾಮ್ ಮತ್ತೆ ಶುರುವಾದರೆ ಎರಡೂ ಸೇರಿ ಅಪಾಯ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಡೆಕ್ಸ್‌ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ನಿದ್ದೆ ಬರಲಿ ಅಂತ ಕುಡಿಯುವುದಂತೂ ಬೇಡ.

ಡಾಕ್ಟರ ಮುಂದೆ "ಬೇಜಾರು, ಅಳು" ಅಂತ ಶುರು ಮಾಡಬೇಡಿ. ಅವರು ಕಾಯಿಲೆ ಮರಳಿದೆ ಅಂದುಕೊಳ್ಳುವುದು ಸಹಜ. ಯಾವ ತಾರೀಖಿಗೆ ಎಷ್ಟು ಡೋಸ್ ಇಳಿಸಿದಿರಿ, ಅದಾಗಿ ಎಷ್ಟು ದಿನಕ್ಕೆ ಕರೆಂಟ್ ಶುರುವಾಯಿತು, ಇದೆಲ್ಲ ಮೊದಲು ಇತ್ತೇ ಇಲ್ಲವೇ, ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ನಿಮಗೆ ಮಾತ್ರೆ ಬಿಡುವ ಆಸೆ ಈಗಲೂ ಇದೆ, ವೇಗ ಮಾತ್ರ ಬೇರೆ ಬೇಕು ಅಂತಲೂ ಹೇಳಿ. ಕೇಳದೆ ಬಿಟ್ಟಿರಿ ಅಂತ ನಾಲ್ಕು ಮಾತು ಬೈಯ್ದರೆ ಬೈಸಿಕೊಳ್ಳಿ. ಮತ್ತೆ 2 ವಾರದಲ್ಲೇ ಬಿಡಿ ಅಂದರೆ ಇನ್ನೊಬ್ಬರನ್ನು ನೋಡಿ.

ಸಾಯಬೇಕು ಅನ್ನಿಸಿದರೆ, ಒಂದು ಕಡೆ ಕೂರಲಾಗದಷ್ಟು ಒಳಗೆ ಚಡಪಡಿಕೆ ಇದ್ದರೆ, ದಿನಗಟ್ಟಲೆ ನಿದ್ದೆಯೇ ಇಲ್ಲದೆ ವಿಪರೀತ ಹುರುಪು ಬಂದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಹಾಗೇನೂ ಇಲ್ಲ ಅಂದರೂ ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿಬಿಡಿ, ಇಲ್ಲದಿದ್ದರೆ ಅವರು ನಿಮ್ಮ ಸಿಡುಕನ್ನು ತಮ್ಮ ತಪ್ಪು ಅಂದುಕೊಳ್ಳುತ್ತಾರೆ. ಮತ್ತೆ, ತಲೆಸುತ್ತು ಪೂರ್ತಿ ನಿಲ್ಲುವವರೆಗೆ ಗಾಡಿ ಓಡಿಸಬೇಡಿ. ಡಾಕ್ಟರ ಹತ್ತಿರ ಹೋಗುವಾಗಲೂ ಬೇರೆಯವರೇ ಓಡಿಸಲಿ.