9 ಮೀಟರ್ ಹಾಲ್‌ನಲ್ಲಿ ಬೊಚಿಯಾ ಆಡಬಹುದೇ?

ನಿಮ್ಮ ಕ್ಲಬ್‌ನ ಹಾಲ್ ಚಿಕ್ಕದು, ಆಟವೂ ಸಪ್ಪೆಯಾಗುತ್ತಿದೆ ಎಂದು ಕೇಳಿದ್ದೀರಿ. ಖಂಡಿತ ಆಡಬಹುದು. ಬೊಚಿಯಾ ಎಂದರೆ ಹೆಚ್ಚಾಗಿ ಗಾಲಿಕುರ್ಚಿಯಲ್ಲಿ ಕುಳಿತು ಆಡುವ ಅಂಗವಿಕಲರ ಆಟ: ಗುರಿಯಾದ ಬಿಳಿ ಚೆಂಡಿನ ಹತ್ತಿರಕ್ಕೆ ಒಂದು ಕಡೆಯವರು ಆರು ಕೆಂಪು, ಇನ್ನೊಂದು ಕಡೆಯವರು ಆರು ನೀಲಿ ಚೆಂಡು ಎಸೆಯುತ್ತಾರೆ. ಪೂರ್ಣ ಅಂಕಣ 12.5 x 6 ಮೀಟರ್, ಅದರಲ್ಲಿ 2.5 ಮೀಟರ್ ಎಸೆಯುವವರ ಚೌಕಗಳಿಗೇ ಹೋಗುತ್ತದೆ. ನಿಮ್ಮ ಕ್ಲಬ್‌ನಲ್ಲಿ ಚೌಕವನ್ನು 1.5 ಮೀಟರ್‌ಗೆ ಇಳಿಸಿ, ಗಾಲಿಕುರ್ಚಿಗೆ ಅಷ್ಟು ಸಾಕು. ಎಸೆತದ ಗೆರೆಯ ಮುಂದಿನ ವಿ (V) ಆಕಾರದ ಗೆರೆಯನ್ನು ಮಾತ್ರ ಬಿಡಬೇಡಿ: ಮಧ್ಯದಲ್ಲಿ 1.5, ಬದಿಗಳಲ್ಲಿ 3 ಮೀಟರ್. ಬಿಳಿ ಚೆಂಡು ಅದನ್ನು ದಾಟಲೇಬೇಕು.

"ಒಬ್ಬೊಬ್ಬರಾಗಿ ಸರದಿಯಲ್ಲಿ ಎಸೆಯುತ್ತೇವೆ, ಆಟ ಸಪ್ಪೆ" ಎಂದಿದ್ದೀರಲ್ಲ, ತಪ್ಪಿರುವುದು ಅಲ್ಲೇ. ಬಿಳಿ ಚೆಂಡು ಹಾಕಿದವರೇ ಮೊದಲ ಬಣ್ಣದ ಚೆಂಡನ್ನೂ ಎಸೆಯಬೇಕು, ಆಮೇಲೆ ಎದುರಾಳಿ. ಅಲ್ಲಿಂದ ಮುಂದೆ ಬಿಳಿಯಿಂದ ದೂರ ಉಳಿದ ಬಣ್ಣದವರೇ ಎಸೆಯುತ್ತಿರಬೇಕು, ಹತ್ತಿರ ಬರುವವರೆಗೆ ಅಥವಾ ಆರೂ ಚೆಂಡು ಮುಗಿಯುವವರೆಗೆ. ಹೀಗಾಡಿದರೆ ಒಂದೇ ಒಳ್ಳೆಯ ಎಸೆತ ಎದುರಾಳಿಯ ನಾಲ್ಕು ಚೆಂಡು ಖಾಲಿ ಮಾಡಿಸಬಲ್ಲದು. ಆಟದ ಸೊಗಸು ಇರುವುದೇ ಇದರಲ್ಲಿ!

ಅಂಕ ಗೆದ್ದ ಬಣ್ಣಕ್ಕೆ ಮಾತ್ರ. ಎದುರಾಳಿಯ ಅತಿ ಹತ್ತಿರದ ಚೆಂಡಿಗಿಂತ ಬಿಳಿಗೆ ಸಮೀಪವಿರುವ ಒಂದೊಂದಕ್ಕೂ ಒಂದು.

ಟೈಲ್ಸ್ ಮೇಲೆ ಟೆನಿಸ್ ಚೆಂಡು ಬೇಡ, ಹಗುರವಾದ್ದರಿಂದ ಪುಟಿದು ಉರುಳುತ್ತಲೇ ಹೋಗುತ್ತದೆ. ಬೊಚಿಯಾ ಚೆಂಡು ಸುಮಾರು 275 ಗ್ರಾಂ, ಒಳಗೆ ಹರಳು ತುಂಬಿರುವುದರಿಂದ ಬಿದ್ದಲ್ಲಿ ಕೊಂಚ ಕುಳಿತು ನಿಧಾನಿಸುತ್ತದೆ. ಕೈಯಲ್ಲಿ ಎಸೆಯಲಾಗದವರಿಗೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಇಳಿಜಾರಾಗಿ ಕೊಡಿ. ಪೈಪಿನ ಒಳ ಅಗಲ 9 ಸೆಂಟಿಮೀಟರ್‌ಗಿಂತ ಹೆಚ್ಚಿರಲಿ, ಇಲ್ಲವಾದರೆ ಚೆಂಡು ಸಿಕ್ಕಿಕೊಳ್ಳುತ್ತದೆ.